ಮನೆ ನಮ್ಮದು, ಸವಾಲು ಯಾರದು?

ಬುಟಿಬೋರಿಯಲ್ಲಿ ಸೇರಿದ ನಮ್ಮ ಕೂಟದಲ್ಲಿ ಒಬ್ಬ ಹಿರಿಯರು ಎದ್ದು ನಿಂತು ಹೇಳಿದರು: "ಸಾಲದ ಕಂತು ಕಟ್ಟಲಿಕ್ಕೆ ಆಗುವುದಿಲ್ಲ ಅಂತಾದ ಮೇಲೆ ಮನೆ ಮಾರುವ ತಲೆನೋವು ನಮಗೆ ಯಾಕೆ? ಬೇಂಕಿನವರೇ ಏಲಂ ಹಾಕುತ್ತಾರೆ. ಅವರದ್ದು ಅವರು ಹಿಡಿದುಕೊಂಡು ಉಳಿದದ್ದನ್ನು ನಮಗೆ ಕೊಡುತ್ತಾರೆ. ಬೇಂಕಿಗಿಂತ ದೊಡ್ಡ ಏಲಂದಾರನನ್ನು ನಾವು ಎಲ್ಲಿಂದ ತರುವುದು?" ನಾಲ್ಕೈದು ಮಂದಿ ಹೌದು ಹೌದು ಎಂದು ತಲೆದೂಗಿದರು. ಆ ತಲೆದೂಗಿದವರಿಗಾಗಿಯೇ ಇದನ್ನು ಬರೆಯುತ್ತಿದ್ದೇವೆ.

ನಾವು ವಕೀಲರಲ್ಲ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಬಂದು ಗ್ಲಾಸು ತೊಳೆದವರು, ಮೇಜು ಒರಸಿದವರು, ಭಟ್ಟಿಯ ಎದುರು ನಿಂತವರು. ಆದರೆ ಕೈಗೆ ಬಂದ ನೋಟೀಸನ್ನು ಬಿಡಿಸಿ, ಬೇಕಾದರೆ ಹತ್ತು ಜನರನ್ನು ಕೇಳಿ, ಓದಿಸಿ ತಿಳಿದುಕೊಳ್ಳುವ ಬುದ್ಧಿಯನ್ನು ಈ ಸಂಘದ ಕೆಲಸವೇ ನಮಗೆ ಕಲಿಸಿತು. ಹಾಗೆ ತಿಳಿದ ಮೇಲೆ ಹೇಳುತ್ತೇವೆ: ಬೇಂಕು ನಮ್ಮ ಏಲಂದಾರನಲ್ಲ. ಅದು ತನ್ನ ಏಲಂದಾರ. ಈ ವ್ಯತ್ಯಾಸ ತಿಳಿಯದೆ ನಮ್ಮವರೊಬ್ಬರು ಏಳು ಲಕ್ಷ ರೂಪಾಯಿ ಕಳೆದುಕೊಂಡರು. ಅವರ ಕತೆಯನ್ನು ಆಮೇಲೆ ಹೇಳುತ್ತೇವೆ.

ಮೊದಲು ಏಲಂ ಎಂದರೇನು ಎಂಬುದನ್ನು ನೋಡೋಣ. ಊರಿನಲ್ಲಿ ದೇವಸ್ಥಾನದ ಉತ್ಸವ ಮುಗಿದ ಮೇಲೆ ಹೊರೆಕಾಣಿಕೆಯ ಕುಂಬಳಕಾಯಿ, ಬಾಳೆಗೊನೆ, ತೆಂಗಿನಕಾಯಿಗಳನ್ನು ಏಲಂ ಹಾಕುವುದನ್ನು ನಾವೆಲ್ಲ ಕಂಡವರೇ. ಒಂದು ಸಲ, ಎರಡು ಸಲ ಎಂದು ಕೂಗುತ್ತಿದ್ದ ಹಾಗೆ ಪೇಟೆಯಲ್ಲಿ ಐವತ್ತು ರೂಪಾಯಿಗೆ ಸಿಗುವ ಕುಂಬಳ ಐನೂರಕ್ಕೆ ಏರುತ್ತದೆ. ಯಾಕೆ? ಕೂಗುವವನಿಗೂ ಕೊಳ್ಳುವವನಿಗೂ ಬೆಲೆ ಏರಲಿ ಎಂಬ ಆಸೆ. ಅದು ದೇವರ ದುಡ್ಡು. ಇತ್ತ ನಾಗಪುರದ ಕಳಮನಾ ಮಾರ್ಕೆಟ್ಟಿನಲ್ಲಿ ಕಿತ್ತಳೆಯ ಸವಾಲು ನೋಡಿ. ರೈತ ತನ್ನ ರಾಶಿಯ ಪಕ್ಕದಲ್ಲೇ ನಿಂತಿರುತ್ತಾನೆ. ಯಾವ ಅಡತಿಯವನ ಬಳಿ ಮಾಲು ಇಳಿಸಬೇಕೆಂದು ತಾನೇ ನಿರ್ಣಯಿಸುತ್ತಾನೆ. ದರ ಸರಿಬಾರದಿದ್ದರೆ ಮುಖ ಗಂಟಿಕ್ಕಿ ಜಗಳವಾದರೂ ಆಡುತ್ತಾನೆ. ಒಂದು ಬುಟ್ಟಿ ಕಿತ್ತಳೆಗೆ ಒಡೆಯ ಪಕ್ಕದಲ್ಲಿ ನಿಂತಿರುತ್ತಾನೆ. ಇಪ್ಪತ್ತು ವರ್ಷ ಉಪ್ಪು ನೀರು ಕುಡಿದು ಕಟ್ಟಿದ ಮನೆಯ ಏಲಂ ನಡೆಯುವಾಗ ಒಡೆಯ ಎಲ್ಲಿರುತ್ತಾನೆ? ಅದು ಈಗ ನಡೆಯುವುದು ಕಂಪ್ಯೂಟರಿನಲ್ಲಿ. ಮೊದಲೇ ಮುಂಗಡ ಕಟ್ಟಿದವನಿಗೆ ಮಾತ್ರ ಅದರೊಳಗೆ ಪ್ರವೇಶ. ಒಡೆಯ ಆ ಹೊತ್ತಿಗೆ ಭಟ್ಟಿಯ ಎದುರು ದೋಸೆ ತಿರುವುತ್ತಿರುತ್ತಾನೆ.

ಹೊರದೇಶಗಳಲ್ಲಿ ಮನೆಯನ್ನು ಸ್ವಇಚ್ಛೆಯಿಂದ ಏಲಂ ಹಾಕಿಸುವ ಪದ್ಧತಿ ಇದೆ. ಇಂಗ್ಲೆಂಡಿನಲ್ಲಿ ಮಾರುವವನು ಏಲಂ ಕಂಪೆನಿಯನ್ನು ತಾನೇ ಆರಿಸುತ್ತಾನೆ. ಇದಕ್ಕಿಂತ ಕಡಿಮೆಗೆ ಕೊಡಕೂಡದು ಎಂಬ ಮೀಸಲು ಬೆಲೆಯನ್ನು ಅವರೊಡನೆ ಕೂತು ಗೊತ್ತುಮಾಡುತ್ತಾನೆ. ಸುತ್ತಿಗೆ ಬಿದ್ದ ಕೂಡಲೇ ಕರಾರು ಕಟ್ಟಾಯಿತು. ಸಾಮಾನ್ಯವಾಗಿ ಕೊಂಡವನು ಆಗಲೇ ಶೇಕಡಾ 10 ಕಟ್ಟಿ, 28 ದಿನಗಳಲ್ಲಿ ಬಾಕಿ ತೀರಿಸಬೇಕು. ಆಸ್ಟ್ರೇಲಿಯದ ಮೆಲ್ಬರ್ನ್ ಪಟ್ಟಣದಲ್ಲಿ ಶನಿವಾರ ಮನೆಯ ಅಂಗಳದಲ್ಲೇ, ಬೀದಿಯ ಜನರೆಲ್ಲ ನೋಡುತ್ತಿರುವಾಗಲೇ ಸವಾಲು ಕೂಗುತ್ತಾರೆ. ಬೆಲೆ ಸಾಲದಿದ್ದರೆ ಒಡೆಯ ಕೊಡುವುದಿಲ್ಲ ಎನ್ನುತ್ತಾನೆ, ಅಲ್ಲಿಗೆ ಮುಗಿಯಿತು. ಅಲ್ಲಿಯೂ ಮೋಸವಿಲ್ಲವೆಂದಲ್ಲ. ಸುಳ್ಳು ಸವಾಲು ಕೂಗಿಸುವವರ ಕಾಟಕ್ಕೆ ಇಂಗ್ಲೆಂಡಿನವರು 1867ರಷ್ಟು ಹಿಂದೆಯೇ ಕಾಯಿದೆ ಮಾಡಬೇಕಾಯಿತು. ಆದರೂ ಅಲ್ಲಿ ಏಲಂದಾರನಿಗೆ ಕೂಲಿ ಕೊಡುವವನು ಮಾರುವವನು, ಆದ್ದರಿಂದ ಏಲಂದಾರ ಮಾರುವವನ ಮಾತು ಕೇಳಬೇಕು.

ನಮ್ಮಲ್ಲಿ? 2002ರ ಸರ್ಫೇಸಿ ಕಾಯಿದೆಯ ಪ್ರಕಾರ ಬೇಂಕು ಕೋರ್ಟಿಗೆ ಹೋಗದೆಯೇ ಅಡವಿಟ್ಟ ಮನೆಯನ್ನು ಮಾರಬಹುದು. ಕಂತು ಬಾಕಿಯಾಗಿ 90 ದಿನ ದಾಟಿದರೆ ಸಾಲವನ್ನು ಕೆಟ್ಟ ಸಾಲವೆಂದು ಬರೆದುಕೊಳ್ಳುತ್ತಾರೆ. ಆಮೇಲೆ 60 ದಿನಗಳ ಗಡುವಿನ ನೋಟೀಸು. ಅದಾದ ಮೇಲೆ ಮನೆಯ ಬಾಗಿಲಿಗೆ ಸ್ವಾಧೀನದ ಕಾಗದ. ಮೌಲ್ಯ ಕಟ್ಟುವವನು ಬೇಂಕಿನ ಪಟ್ಟಿಯವನು. ಮೀಸಲು ಬೆಲೆ ಗೊತ್ತುಮಾಡುವವನು ಬೇಂಕಿನ ಅಧಿಕಾರಿ. ಏಲಂ ನಡೆಸುವ ಕಂಪೆನಿಯನ್ನು ಆರಿಸುವುದು ಬೇಂಕು. ಆದರೆ ಪತ್ರಿಕೆಯ ಜಾಹೀರಾತು, ವಕೀಲ, ವಸೂಲಿಯವನು, ಏಲಂ ಕಂಪೆನಿ, ಇವರೆಲ್ಲರ ಖರ್ಚು ಯಾರ ಲೆಕ್ಕಕ್ಕೆ? ನಮ್ಮ ಲೆಕ್ಕಕ್ಕೆ! ಕಾಯಿದೆಯ 13ನೆಯ ಕಲಮಿನಲ್ಲಿಯೇ ಹಾಗೆ ಬರೆದಿದೆ. ಮದುವೆ ಅವರದು, ಊಟ ಅವರದು, ಬಿಲ್ಲು ಮಾತ್ರ ನಮ್ಮ ಮೇಜಿಗೆ.

ಬೇಂಕಿಗೆ ನಮ್ಮ ಮೇಲೆ ದ್ವೇಷವಿದೆ ಎಂದು ನಾವು ಹೇಳುತ್ತಿಲ್ಲ. ದ್ವೇಷ ಬೇಕಾಗಿಯೇ ಇಲ್ಲ. ಬೇಂಕಿಗೆ ಬರಬೇಕಾದದ್ದು 17 ಲಕ್ಷ ಎಂದು ಇಟ್ಟುಕೊಳ್ಳಿ. ಮನೆ 18 ಲಕ್ಷಕ್ಕೆ ಹೋದರೂ ಅದರ ಕೆಲಸ ಆಯಿತು, 24ಕ್ಕೆ ಹೋದರೂ ಆಯಿತು. ಮೇಲಿನ ಆರು ಲಕ್ಷಕ್ಕಾಗಿ ಆ ಅಧಿಕಾರಿ ಯಾಕೆ ಬೆವರು ಸುರಿಸಬೇಕು? ಆ ಆರು ಲಕ್ಷ ಅವನದ್ದಲ್ಲವಲ್ಲ. ಜಾಹೀರಾತಿನಲ್ಲಿ 'ಇದ್ದಲ್ಲಿ ಇದ್ದಂತೆ, ಇದ್ದದ್ದು ಇದ್ದ ಹಾಗೆ' ಎಂದು ಛಾಪಿಸುತ್ತಾರೆ. ಅಂದರೆ ಒಳಗೆ ಜನ ಇದ್ದಾರೋ, ಕರೆಂಟು ಬಿಲ್ಲು ಬಾಕಿ ಇದೆಯೋ, ಜಾಗದ ಕಾಗದ ಸರಿ ಇದೆಯೋ, ಎಲ್ಲವನ್ನೂ ಕೊಳ್ಳುವವನೇ ನೋಡಿಕೊಳ್ಳಬೇಕು. ಅಷ್ಟು ಭಾರ ಹೊರಿಸಿದ ಮೇಲೆ ಯಾವ ಮೂರ್ಖ ಪೂರ್ತಿ ಬೆಲೆ ಕೊಡುತ್ತಾನೆ? ಬುಟಿಬೋರಿಯಲ್ಲಂತೂ ಇದರ ಮೇಲೆ ಇನ್ನೊಂದು ಗಂಟು. ಎಂ.ಐ.ಡಿ.ಸಿ.ಯ ನಿವೇಶನವಾದರೆ ನೆಲ ನಮ್ಮದಲ್ಲ, 95 ವರ್ಷದ ಲೀಸು. ಕೈ ಬದಲಾಗಬೇಕಾದರೆ ಅವರ ಅಪ್ಪಣೆ ಬೇಕು, ಹಣ ಕಟ್ಟಬೇಕು. ಹೊರಗಿನ ಗುಂಠೇವಾರಿ ತುಂಡಾದರೆ ಅದು ಸಕ್ರಮವಾಗಿದೆಯೋ ಇಲ್ಲವೋ ಎಂಬ ಸಂಶಯ. 2001ರ ಗುಂಠೇವಾರಿ ಕಾಯಿದೆಯನ್ನು ತಿದ್ದಿ 2020ರ ಕೊನೆಯವರೆಗಿನ ತುಂಡುಗಳಿಗೂ ಅವಕಾಶ ಕೊಟ್ಟಿದ್ದಾರೆ. ಆದರೆ ಆ ಕೆಲಸಕ್ಕೆ ಓಡಾಡಬೇಕಾದವನು ಒಡೆಯ. ಬೇಂಕಿನವನು ಓಡಾಡುವುದಿಲ್ಲ, ಬೆಲೆ ಇಳಿಸುತ್ತಾನೆ.

ಈಗ ನಮ್ಮವರ ಕತೆ. ಹೆಸರು ಬೇಡ. ಬೇಂಕಿನ ಹೆಸರೂ ಬೇಡ. ಎಲ್ಲ ಕಡೆ ಒಂದೇ ರೀತಿ. ಅಡುಗೆಯ ಭಟ್ರು, ಉಡುಪಿ ಕಡೆಯವರು. ವಾರ್ಧಾ ರಸ್ತೆಯ ಹೋಟೆಲೊಂದರಲ್ಲಿ ಹದಿನೆಂಟು ವರ್ಷ ಭಟ್ಟಿಯಲ್ಲಿದ್ದವರು. ಮನೆಯಾಕೆ ಕಾರ್ಖಾನೆಯ ಹುಡುಗರಿಗೆ ಊಟದ ಡಬ್ಬಿ ಕಟ್ಟಿಕೊಡುತ್ತಿದ್ದರು. 2017ರಲ್ಲಿ 14 ಲಕ್ಷ ಸಾಲ ಮಾಡಿ ಎರಡು ಕೋಣೆ, ಒಂದು ಪಡಸಾಲೆಯ ಮನೆ ಮಾಡಿಕೊಂಡರು. ಮೂರು ವರ್ಷ ಒಂದು ಕಂತು ತಪ್ಪಲಿಲ್ಲ. 2020ರ ಮಾರ್ಚ್ ತಿಂಗಳಲ್ಲಿ ಹೋಟೆಲಿನ ಬಾಗಿಲು ಬಿತ್ತು. ಕಾರ್ಖಾನೆಯ ಹುಡುಗರು ನಡೆದುಕೊಂಡು ಊರು ಸೇರಿದರು, ಡಬ್ಬಿಯೂ ನಿಂತಿತು. ರಿಸರ್ವ್ ಬೇಂಕು ಆಗಸ್ಟ್ ಕೊನೆಯವರೆಗೆ ಕಂತು ಮುಂದೂಡಲು ಬಿಟ್ಟಿತು, ನಿಜ. ಆದರೆ ಮುಂದೂಡಿದ್ದು ಕಂತು, ಬಡ್ಡಿಯಲ್ಲ. ಬಡ್ಡಿಗೆ ಲಾಕ್‌ಡೌನ್ ಇಲ್ಲ. ಹೋಟೆಲು ತೆರೆದಾಗ ಧಣಿಗಳು ಅರ್ಧ ಸಂಬಳ ಎಂದರು. ಅರ್ಧ ಸಂಬಳದಲ್ಲಿ ಪೂರ್ತಿ ಕಂತು ಕಟ್ಟುವ ಲೆಕ್ಕವನ್ನು ಯಾವ ಶಾಲೆಯಲ್ಲಿ ಕಲಿಸುತ್ತಾರೆ?

2022ರಲ್ಲಿ 60 ದಿನದ ನೋಟೀಸು ಬಂತು. ಭಟ್ರು ಅದನ್ನು ಒಡೆಯಲಿಲ್ಲ. ಕಪಾಟಿನ ಮೇಲೆ ಹಳೆಯ ಪಂಚಾಂಗದ ಅಡಿಗೆ ಇಟ್ಟರು. ಮನೆಯಾಕೆಗೂ ಹೇಳಲಿಲ್ಲ. ಅದಕ್ಕೆ ಎರಡು ತಿಂಗಳ ಮೊದಲು ನೆರೆಯ ಕಾರ್ಖಾನೆಯ ಫೋರ್‌ಮನ್ ಒಬ್ಬ ಬಂದು, ಮಗಳ ಸಂಸಾರಕ್ಕೆ ಮನೆ ಬೇಕು, 23 ಲಕ್ಷ ಕೊಡುತ್ತೇನೆ ಎಂದು ಕೇಳಿದ್ದ. ಆಗ ಸಾಲದ ಬಾಕಿ 15 ಲಕ್ಷದ 40 ಸಾವಿರ. ಮಾರಿದ್ದರೆ 7 ಲಕ್ಷದ 60 ಸಾವಿರ ಕೈಗೆ ಉಳಿಯುತ್ತಿತ್ತು. ಬದಲುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕಕೂಡದೆಂದು ರಿಸರ್ವ್ ಬೇಂಕು 2012ರಲ್ಲಿಯೇ ಬೇಂಕುಗಳಿಗೆ ಹೇಳಿದೆ. ಆದ್ದರಿಂದ ಆ ಹೆದರಿಕೆಯೂ ಇರಲಿಲ್ಲ. ಭಟ್ರು ಫೋರ್‌ಮನ್‌ಗೆ ಹೇಳಿದ್ದು, "ಮನೆ ಮಾರುವಷ್ಟು ಕಷ್ಟ ನಮಗೇನೂ ಬಂದಿಲ್ಲ."

ಮೀಸಲು ಬೆಲೆ 20 ಲಕ್ಷ 50 ಸಾವಿರ ಎಂದು ಮೊದಲ ಏಲಂ ಕರೆದರು. ಯಾರೂ ಬರಲಿಲ್ಲ. ಮೀಸಲು ಬೆಲೆಗಿಂತ ಕಡಿಮೆಗೆ ಮಾರಬೇಕಾದರೆ ಸಾಲಗಾರನ ಒಪ್ಪಿಗೆ ಬೇಕೆಂದು ನಿಯಮ ಹೇಳುತ್ತದೆ. ಒಳ್ಳೆಯ ನಿಯಮ! ಆದರೆ ಮೀಸಲು ಬೆಲೆಯನ್ನೇ ಇಳಿಸಿ ಮತ್ತೆ ಏಲಂ ಕರೆದರೆ? ಎರಡನೆಯ ಸಲಕ್ಕೆ 15 ದಿನದ ನೋಟೀಸು ಸಾಕು. 18 ಲಕ್ಷಕ್ಕೆ ಇಳಿಸಿದರು. 2023ರ ಕೊನೆಗೆ 18 ಲಕ್ಷ 20 ಸಾವಿರಕ್ಕೆ ಮನೆ ಹೋಯಿತು. ಬಡ್ಡಿ, ಖರ್ಚು ಎಲ್ಲ ಸೇರಿ ಬಾಕಿ 17 ಲಕ್ಷ 55 ಸಾವಿರ. ಭಟ್ರ ಕೈಗೆ ಬಂದದ್ದು 65 ಸಾವಿರ ರೂಪಾಯಿ. ಅದೂ ನಾವು ಮೂರು ಸಲ ಅರ್ಜಿ ಬರೆದ ಮೇಲೆ.

ಸಾಮಾನು ಟೆಂಪೋಗೆ ಏರಿಸುವ ದಿನ ನಾವು ಅಲ್ಲಿದ್ದೆವು. ಕಪಾಟು ಎತ್ತುವಾಗ ಪಂಚಾಂಗ ಕೆಳಗೆ ಬಿತ್ತು, ಅದರೊಡನೆ ಆ ಲಕೋಟೆ. ಅತ್ತಿಗೆ ಎತ್ತಿಕೊಂಡು ನೋಡಿದರು, ಗಂಡನ ಕಡೆ ನೋಡಿದರು, ಏನೂ ಹೇಳದೆ ಸೆರಗಿಗೆ ಸಿಕ್ಕಿಸಿಕೊಂಡರು. ಭಟ್ರು ನಮ್ಮೊಡನೆ, "ತಮ್ಮಾ, ಊರಿಗೆ ಗೊತ್ತಾದರೆ ಏನು ಹೇಳಿಯಾರು ಅಂತ ಹೆದರಿದೆ" ಎಂದರು. ಊರಿಗೆ ಗೊತ್ತಾಗದ್ದು ಏನು ಉಳಿಯಿತು? ಎರಡು ಪತ್ರಿಕೆಗಳಲ್ಲಿ ಅವರ ಹೆಸರು, ತಂದೆಯ ಹೆಸರು, ಮನೆಯ ನಾಲ್ಕು ದಿಕ್ಕಿನ ಗಡಿ ಸಹಿತ ಛಾಪಾಗಿತ್ತು.

ಇದರ ಪಕ್ಕದಲ್ಲೇ ಇನ್ನೊಂದು ಕತೆ ಇಡುತ್ತೇವೆ. ಅದೂ ಬುಟಿಬೋರಿಯದ್ದೇ, ಅದಕ್ಕೆ ಹೆಸರುಂಟು. ಇಲ್ಲಿಯ 600 ಮೆಗಾವಾಟಿನ ವಿದ್ಯುತ್ ಸ್ಥಾವರ, ವಿದರ್ಭ ಇಂಡಸ್ಟ್ರೀಸ್ ಪವರ್. ರಿಲಯನ್ಸ್ ಪವರ್ ಕಂಪೆನಿಯ ಅಂಗಸಂಸ್ಥೆಯಾಗಿತ್ತು. ಸಾಲ ತೀರಿಸಲಿಲ್ಲವೆಂದು ಎಕ್ಸಿಸ್ ಬೇಂಕು ದಿವಾಳಿ ನ್ಯಾಯಮಂಡಳಿಗೆ ಹೋಯಿತು; ಕೇಳಿದ್ದು ಸುಮಾರು 553 ಕೋಟಿ. ಕಂಪೆನಿ ಹೇಳಿತು: ನಮಗೇ 1,730 ಕೋಟಿ ಬರಬೇಕಾಗಿದೆ, ಆ ದಾವೆ ಮುಗಿಯುವವರೆಗೆ ತಾಳಿ. ಸುಪ್ರೀಂ ಕೋರ್ಟು 2022ರ ಜುಲೈ ತಿಂಗಳಲ್ಲಿ, ಇಂಥ ಸಂಗತಿಯನ್ನು ನ್ಯಾಯಮಂಡಳಿ ಗಮನಿಸಬೇಕಿತ್ತು, ಸಾಲ ಬಾಕಿ ಇದೆ ಎಂದ ಮಾತ್ರಕ್ಕೆ ಅರ್ಜಿ ಒಪ್ಪಲೇಬೇಕೆಂದಿಲ್ಲ ಎಂದಿತು. ಮುಂದೆ ಆ ಕಂಪೆನಿ ದಿವಾಳಿ ಪ್ರಕ್ರಿಯೆಗೆ ಹೋದದ್ದು 2024ರಲ್ಲಿ. 2025ರಲ್ಲಿ ಅದಾನಿ ಪವರ್ 4,000 ಕೋಟಿಗೆ ಅದನ್ನು ವಹಿಸಿಕೊಂಡಿತು. ದಿವಾಳಿ ಕಾಯಿದೆಯ ನಿಯಮದಂತೆ ಇಂಥ ಕಂಪೆನಿಯ ಆಸ್ತಿಗೆ ಇಬ್ಬರು ಮೌಲ್ಯಮಾಪಕರು. ಇಬ್ಬರ ಲೆಕ್ಕ ತೀರ ಬೇರೆಯಾದರೆ ಮೂರನೆಯವನು. ಪ್ರಕ್ರಿಯೆ ನಡೆಯುವಷ್ಟು ಕಾಲ ಯಾರೂ ಆಸ್ತಿಯನ್ನು ಮುಟ್ಟಕೂಡದೆಂಬ ತಡೆ.

ಕೋರ್ಟು ತಪ್ಪು ಮಾಡಿತೆಂದು ನಾವು ಹೇಳುವುದಿಲ್ಲ. ಸ್ಥಾವರ ಉಳಿದರೆ ಕೆಲಸ ಉಳಿಯುತ್ತದೆ. ನಾವು ಕೇಳುವುದು ಇಷ್ಟೇ: ಭಟ್ರಿಗೂ ಬರಬೇಕಾದದ್ದು ಇರಲಿಲ್ಲವೇ? ತಡೆಹಿಡಿದ ಅರ್ಧ ಸಂಬಳ ಇತ್ತು, ಹದಿನೆಂಟು ವರ್ಷದ ಗ್ರಾಚ್ಯುಟಿ ಇತ್ತು. ಅದು ಬರುವವರೆಗೆ ತಾಳಿ ಎಂದು ಹೇಳಲು ಅವರಿಗೆ ಯಾವ ಬಾಗಿಲು ಇತ್ತು? 600 ಮೆಗಾವಾಟಿಗೆ ಇಬ್ಬರು ಮೌಲ್ಯಮಾಪಕರಾದರೆ, ಎರಡು ಕೋಣೆಯ ಮನೆಗೆ ಎರಡನೆಯ ಅಭಿಪ್ರಾಯ ಯಾಕೆ ಬೇಡ?

ಈ ಸಂದಿನಲ್ಲಿ ಹೊಸ ಒಂದು ಜಾತಿ ಹುಟ್ಟಿಕೊಂಡಿದೆ. ಕಂತು ತಪ್ಪಿದವರ ಮನೆ ಹುಡುಕಿಕೊಂಡು ಬರುತ್ತಾರೆ. "ನಮ್ಮದು ಏಲಂ ಕಂಪೆನಿ. ಬೇಂಕು ಏಲಂ ಹಾಕುವ ಮೊದಲು ನಾವೇ ಹಾಕಿಸಿ ಏಳು ದಿನದಲ್ಲಿ ಮಾರಿಸಿಕೊಡುತ್ತೇವೆ. ನೋಂದಣಿಗೆ 25 ಸಾವಿರ ಮುಂಗಡ." ಬಾಂಧವರೇ, ಇಲ್ಲಿ ಒಂದು ಸಂಗತಿ ತಿಳಿದಿರಲಿ. ನಮ್ಮ ದೇಶದಲ್ಲಿ ಖಾಸಗಿಯವನು ಸುತ್ತಿಗೆ ಬಡಿದ ಮಾತ್ರಕ್ಕೆ ಮನೆ ಮಾರಿಹೋಗುವುದಿಲ್ಲ. ಸಬ್ ರಿಜಿಸ್ಟ್ರಾರರ ಕಚೇರಿಯಲ್ಲಿ ಕ್ರಯಪತ್ರ ನೋಂದಣಿಯಾದರೆ ಮಾತ್ರ ಮಾರಾಟ. ಮೂಲ ಕಾಗದಗಳು ಬೇಂಕಿನ ತಿಜೋರಿಯಲ್ಲಿರುವಾಗ ಈತ ಯಾವುದನ್ನು ಮಾರಿಸುತ್ತಾನೆ? ಇಂಥವನು ಬಂದರೆ ಕೂರಿಸಿ ಚಾ ಕೊಡಿ, ಆಮೇಲೆ ಕೇಳಿ: ಮನೆ ಮಾರಿಹೋಗದಿದ್ದರೆ ನಿನ್ನ ಫೀಸು ಎಷ್ಟು? ಮೀಸಲು ಬೆಲೆಯನ್ನು ನಮ್ಮ ಕೈಬರಹದಲ್ಲಿ ಬರೆದುಕೊಂಡು ಸಹಿ ಹಾಕುತ್ತೀಯಾ? ಕೊಳ್ಳುವವನ ಮುಂಗಡ ಯಾರ ಖಾತೆಯಲ್ಲಿ ಇರುತ್ತದೆ, ನಿನ್ನದೋ, ಸಾಲದ ಖಾತೆಯೋ? ನಿನ್ನ ಅಣ್ಣ ತಮ್ಮಂದಿರು, ಪಾಲುದಾರರು ಸವಾಲು ಕೂಗುವುದಿಲ್ಲ ಎಂದು ಬರೆದು ಕೊಡುತ್ತೀಯಾ? ಹಿಂದೆ ಮಾರಿಸಿಕೊಟ್ಟ ಎರಡು ಮನೆಯವರ ಬಳಿಗೆ ನಮ್ಮನ್ನು ಕರೆದುಕೊಂಡು ಹೋಗುತ್ತೀಯಾ? ಚಾ ಮುಗಿಯುವ ಮೊದಲೇ ಎದ್ದು ಹೋದರೆ 25 ಸಾವಿರ ಉಳಿಯಿತು. ಕೂತು ಉತ್ತರ ಕೊಟ್ಟರೆ ಮುಂದಿನ ಮಾತಾಡಬಹುದು. ಅಂಥವರು ಇಲ್ಲವೇ ಇಲ್ಲ ಎಂದು ನಾವು ಹೇಳುವುದಿಲ್ಲ. ನಮಗೆ ಇನ್ನೂ ಸಿಕ್ಕಿಲ್ಲ.

ಹಾಗಾದರೆ ಮಾಡುವುದೇನು? ಮನೆ ಉಳಿಸಿಕೊಳ್ಳಲು ಆಗುವುದಾದರೆ ಉಳಿಸಿಕೊಳ್ಳಬೇಕು, ಅದು ಬೇರೆ ಮಾತು. ಮಾರಲೇಬೇಕೆಂದು ಲೆಕ್ಕ ಹೇಳಿದರೆ, ನಾವೇ ಮಾರಬೇಕು, ಬೇಗ ಮಾರಬೇಕು. ಯಾಕೆ ಬೇಗ? 60 ದಿನದ ನೋಟೀಸು ಕೈಗೆ ಬಂದ ಮೇಲೆ ಬೇಂಕಿನ ಬರಹದ ಒಪ್ಪಿಗೆ ಇಲ್ಲದೆ ಆ ಮನೆಯನ್ನು ಮಾರುವಂತಿಲ್ಲ, ಬಾಡಿಗೆಗೂ ಕೊಡುವಂತಿಲ್ಲ. ಏಲಂನ ಜಾಹೀರಾತು ಪ್ರಕಟವಾದ ಮೇಲೆ ಪೂರ್ತಿ ಹಣ ತಂದು ಸುರಿದರೂ ಮನೆ ಬಿಡಿಸಿಕೊಳ್ಳುವ ಹಕ್ಕು ಉಳಿಯುವುದಿಲ್ಲ. 2016ರ ತಿದ್ದುಪಡಿಯಿಂದ ಹೀಗಾಯಿತು. ಬಾಫ್ನಾ ಮೋಟರ್ಸ್ ಎಂಬ ಮುಂಬಯಿಯ ಕಂಪೆನಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2023ರಲ್ಲಿ ಇದನ್ನೇ ಎತ್ತಿಹಿಡಿಯಿತು. ಏಲಂ ದಿನದವರೆಗೆ ಅವಕಾಶ ಉಂಟೆಂದು ಹೇಳಿಕೊಂಡು ತಿರುಗುವವರು ಹಳೆಯ ಕಾಯಿದೆಯನ್ನು ಓದಿದವರು.

ಆದರೆ ನೋಟೀಸು ಬಂದ ಮೇಲೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಆಕ್ಷೇಪ ಬರೆದು ಕೊಟ್ಟರೆ ಬೇಂಕು 15 ದಿನದೊಳಗೆ ಕಾರಣ ಸಹಿತ ಉತ್ತರ ಕೊಡಬೇಕು. ಅದಕ್ಕಿಂತ ಮುಖ್ಯವಾದದ್ದು: ಏಲಂ ಒಂದೇ ಮಾರ್ಗವಲ್ಲ. ನಿಯಮ 8ರಲ್ಲಿ ಖಾಸಗಿ ಒಪ್ಪಂದದಿಂದ ಮಾರುವ ದಾರಿಯೂ ಇದೆ. ಅಂದರೆ ನಾವೇ ಒಬ್ಬ ಕೊಳ್ಳುವವನನ್ನು ಹುಡುಕಿ, ಅವನ ಕೈಯಲ್ಲಿ ಬರಹದ ದರ ಬರೆಸಿ, ಬೇಂಕಿನ ಮುಂದೆ ಇಟ್ಟು, 'ಇಗೋ ನಿಮ್ಮ ಮೀಸಲು ಬೆಲೆಗಿಂತ ಮೂರು ಲಕ್ಷ ಹೆಚ್ಚು, ಒಪ್ಪಿಗೆ ಕೊಡಿ' ಎನ್ನಬಹುದು. ಭಟ್ರ ಮನೆಯ ಫೋರ್‌ಮನ್ ಎಲ್ಲಿಗೂ ಹೋಗಿರಲಿಲ್ಲ. ಅವನು ಅದೇ ಬೀದಿಯಲ್ಲಿ ಬೇರೆ ಮನೆ ಕೊಂಡ. ಬೇಂಕು ಒಪ್ಪಲೇಬೇಕೆಂಬ ಕಡ್ಡಾಯವಿಲ್ಲ ನಿಜ. ಆದರೆ ಹೆಚ್ಚಿನ ಬೆಲೆಯ ಬರಹ ಕೈಯಲ್ಲಿದ್ದೂ ಕಡಿಮೆಗೆ ಯಾಕೆ ಮಾರಿದಿರಿ ಎಂಬ ಪ್ರಶ್ನೆಯನ್ನು ಸಾಲ ವಸೂಲಿ ನ್ಯಾಯಮಂಡಳಿಯಲ್ಲಿ ಕೇಳಬಹುದು. ಆ ನ್ಯಾಯಮಂಡಳಿ ನಾಗಪುರದಲ್ಲೇ ಇದೆ. ಸ್ವಾಧೀನದ ಕ್ರಮ ಕೈಗೊಂಡ 45 ದಿನಗಳೊಳಗೆ ಹೋಗಬೇಕು. ಹಿಂದೆ ಬಾಕಿಯ ಶೇಕಡಾ 75 ಕಟ್ಟದೆ ಅಲ್ಲಿಗೆ ಹೋಗುವಂತಿರಲಿಲ್ಲ. 2004ರಲ್ಲಿ ಮಾರ್ದಿಯಾ ಕೆಮಿಕಲ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ಷರತ್ತನ್ನು ಕಿತ್ತುಹಾಕಿತು. ಆ ಬಾಗಿಲನ್ನು ತೆರೆಸಿದ್ದೂ ಒಂದು ಕಂಪೆನಿಯೇ, ಕೆಲಸಗಾರರಲ್ಲ. ಇದನ್ನು ಹೇಳಲು ನಮಗೆ ನಾಚಿಕೆಯಾಗುತ್ತದೆ.

ವಕೀಲರಿಗೆ ಕೊಡಲು ಹಣವಿಲ್ಲ ಎನ್ನುವವರಿಗೆ: 1987ರ ಕಾನೂನು ಸೇವೆಗಳ ಕಾಯಿದೆಯಂತೆ ಹೆಂಗಸರಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ಹಕ್ಕಿದೆ. ಮನೆಯ ಪತ್ರದಲ್ಲಿ ಮನೆಯಾಕೆಯ ಹೆಸರಿದ್ದರೆ ಅವರೇ ಅರ್ಜಿ ಹಾಕಲಿ. ಗಂಡಸರು ಮರ್ಯಾದೆ ಮರ್ಯಾದೆ ಎಂದು ಕಪಾಟಿನ ಮೇಲೆ ಇಡುವ ಕಾಗದವನ್ನು ಹೆಂಗಸರು ಒಡೆದು ಓದಿಸುತ್ತಾರೆ ಎಂಬುದು ನಮ್ಮ ಅನುಭವ.

ಸರಕಾರದ ಮುಂದೆ ಇಡಬೇಕಾದ ಬೇಡಿಕೆಗಳು ಬೇರೆ ಇವೆ. ಒಂದೇ ಮನೆ ಇರುವ ಸಾಲಗಾರನಿಗೆ ತನ್ನ ಖರ್ಚಿನಿಂದಲಾದರೂ ಎರಡನೆಯ ಮೌಲ್ಯಮಾಪಕನನ್ನು ತರುವ ಹಕ್ಕು ಬೇಕು. ಒಮ್ಮೆ ಇಟ್ಟ ಮೀಸಲು ಬೆಲೆಯನ್ನು ಇಳಿಸುವ ಮೊದಲು ಅವನನ್ನು ಕರೆದು ಕೇಳಬೇಕು. ಏಲಂ ಜಾಹೀರಾತಿಗೆ ಮೊದಲು ಮೂರು ತಿಂಗಳು ಒಡೆಯನೇ ಮಾರಿಕೊಳ್ಳಲು ಅವಧಿ ಕೊಡಬೇಕು. ಆ ಅವಧಿಯಲ್ಲಿ ಖರ್ಚು ಏರಿಸಕೂಡದು. ಇದರಿಂದ ಬೇಂಕಿಗೆ ಒಂದು ಕಾಸು ನಷ್ಟವಿಲ್ಲ, ಹೆಚ್ಚು ಬೆಲೆ ಬಂದರೆ ಅದರ ಸಾಲವೂ ಪೂರ್ತಿ ತೀರುತ್ತದೆ. ಸಾಲ ಮಾಡಿದವನು ತೀರಿಸಬೇಕಲ್ಲವೇ ಎಂದು ಕೆಲವು ದೊಡ್ಡ ಮನುಷ್ಯರು ಕೇಳುತ್ತಾರೆ. ತೀರಿಸಬೇಕು. ಭಟ್ರು ತೀರಿಸಿದರು, ಬೇಂಕಿಗೆ ಒಂದು ರೂಪಾಯಿ ಬಿಡದೆ. ನಮ್ಮ ಜಗಳ ಆ 17 ಲಕ್ಷ 55 ಸಾವಿರದ ಮೇಲಲ್ಲ. ಸಾಲಕ್ಕೂ ಬಾರದೆ, ಸಾಲಗಾರನಿಗೂ ಬಾರದೆ ಹೋದ ಲಕ್ಷಗಳ ಮೇಲೆ.

ಮಂಗಳವಾರ ಮಧ್ಯಾಹ್ನ ಊಟದ ಗಿರಾಕಿ ಇಳಿದ ಮೇಲೆ, ಮೂರರಿಂದ ಐದರವರೆಗೆ, ನಾವು ಬುಟಿಬೋರಿಯ ಬಸ್ ನಿಲ್ದಾಣದ ಹತ್ತಿರ, ಎಂದಿನ ಜಾಗದಲ್ಲಿ ಕೂತಿರುತ್ತೇವೆ. ಇಂಗ್ಲಿಷು, ಮರಾಠಿ ಕಾಗದ ಓದಿ ಹೇಳಲು ಒಬ್ಬ ಹುಡುಗನನ್ನೂ ಗೊತ್ತುಮಾಡಿದ್ದೇವೆ. ಸಾಲದ ಪಾಸುಬುಕ್ಕು, ಮನೆಯ ಕಾಗದದ ನಕಲು, ಬಂದಿರುವ ಲಕೋಟೆಗಳು, ಎಲ್ಲವನ್ನೂ ತನ್ನಿ. ಒಡೆಯದೆ ಇಟ್ಟದ್ದಿದ್ದರೆ ಹಾಗೆಯೇ ತನ್ನಿ, ಯಾಕೆ ಒಡೆಯಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಭಟ್ರೂ ಬರುತ್ತಾರೆ. ಅವರು ಈಗ ಬಾಡಿಗೆ ಕೋಣೆಯಲ್ಲಿದ್ದಾರೆ, ಚಾ ಅವರೇ ಮಾಡುತ್ತಾರೆ.